‘ಆಯ್ತು’ ಅಂದರೆ ಮುಗಿಯಿತೋ, ಮಾಡುತ್ತೇನೆಂದೋ? ಎಡವಟ್ಟಿಲ್ಲದೆ ಸಂದೇಶ ಕಳಿಸುವ, ಓದುವ ಕ್ರಮ

ಹಾಸನ, ಚಿಕ್ಕಮಗಳೂರು ಕಡೆಯ ಓದುಗರು ಮತ್ತೆ ಮತ್ತೆ ಕೇಳುವುದು ಒಂದೇ ಮಾತು: ‘ನಾನು ಸರಿಯಾಗೇ ಹೇಳಿದ್ದೆ. ಅವರು ಇನ್ನೇನೋ ಮಾಡಿಟ್ಟರು. ತಪ್ಪಿದ್ದೆಲ್ಲಿ?’ ಮೇಸ್ತ್ರಿಗೆ ಹಾಕಿದ ವಾಟ್ಸ್ಆ್ಯಪ್ ಇರಬಹುದು, ಬೆಂಗಳೂರಿನಲ್ಲಿರುವ ಮಗಳಿಗೆ ಬಿಟ್ಟ ವಾಯ್ಸ್ ಇರಬಹುದು, ಕಾಫಿ ವ್ಯಾಪಾರಿಗೆ ಕೇಳಿದ ರೇಟು ಇರಬಹುದು. ತಪ್ಪುವ ಜಾಗಗಳು ಮಾತ್ರ ಬೆರಳೆಣಿಕೆಯಷ್ಟು.

ಮೊದಲು ಈ ಎರಡು ಸಾಲು ನೋಡಿ.

‘ಮೇಲಿನ ತೋಟಕ್ಕೆ ಗೊಬ್ಬರ ಹಾಕ್ಸಿ.’
‘ಆಯ್ತು ಸಾರ್.’

ಈ ‘ಆಯ್ತು’ ಎಂದರೇನು? ಹಾಕಿಸಿ ಆಗಿದೆ ಎಂದೇ? ಹಾಕಿಸುತ್ತೇನೆ ಎಂದೇ? ನಿಮ್ಮ ಮಾತು ಕಿವಿಗೆ ಬಿತ್ತು ಎಂದಷ್ಟೇ? ಇನ್ನು ಮೊದಲ ಸಾಲಿನಲ್ಲಿ ಯಾವ ಗೊಬ್ಬರ ಎಂದಿಲ್ಲ. ಕೊಟ್ಟಿಗೆ ಗೊಬ್ಬರವೋ, ಸರ್ಕಾರಿ ಗೊಬ್ಬರವೋ? ಗಿಡಕ್ಕೆ ಎಷ್ಟು, ಯಾವತ್ತು, ಎಷ್ಟು ಆಳು? ನಾಲ್ಕು ಪದದ ಮಾತಿನಲ್ಲಿ ನಾಲ್ಕು ಖಾಲಿ ಜಾಗ. ಆ ಜಾಗಗಳನ್ನು ಓದುವವನು ತನ್ನ ತಲೆಯಲ್ಲಿರುವುದರಿಂದ ತುಂಬಿಕೊಳ್ಳುತ್ತಾನೆ. ನೂರಕ್ಕೆ ತೊಂಬತ್ತು ಸಲ ಸರಿಯಾಗೇ ತುಂಬಿಕೊಳ್ಳುವುದರಿಂದ ಖಾಲಿ ಜಾಗ ಇತ್ತೆಂಬುದೇ ನಮಗೆ ತಿಳಿಯುವುದಿಲ್ಲ. ಉಳಿದ ಹತ್ತು ಸಲ ಜಗಳ.

ತಪ್ಪನ್ನು ಹೆಸರಿಟ್ಟು ಹುಡುಕಲು ಹೊಸ ಪಾರಿಭಾಷಿಕ ಪದಗಳೇನೂ ಬೇಕಿಲ್ಲ. ಮೀಮಾಂಸೆ, ನ್ಯಾಯ ಎಂಬ ಹಳೆಯ ಶಾಸ್ತ್ರಗಳನ್ನು ಓದಿದವರು ಒಂದು ವಾಕ್ಯ ಅರ್ಥವಾಗಲು ಏನೇನಿರಬೇಕು ಎಂದು ಹಿಂದೆಯೇ ಪಟ್ಟಿ ಮಾಡಿಟ್ಟಿದ್ದಾರೆ. ಆಕಾಂಕ್ಷೆ: ಒಂದು ಪದ ಇನ್ನೊಂದನ್ನು ಬೇಡುವುದು. ‘ಹಾಕ್ಸಿ’ ಎಂದ ಕೂಡಲೇ ಏನನ್ನು, ಎಲ್ಲಿಗೆ ಎಂದು ಕಿವಿ ಕಾಯುತ್ತದೆ. ಯೋಗ್ಯತೆ: ಪದಗಳು ಒಂದಕ್ಕೊಂದು ಹೊಂದುವುದು. ‘ಬೆಂಕಿಯಿಂದ ನೆನೆಸು’ ಎಂಬುದು ಹೊಂದದ ಮಾತಿಗೆ ಅವರು ಕೊಡುವ ಉದಾಹರಣೆ. ಫೋನು ತಪ್ಪಾಗಿ ಟೈಪ್ ಮಾಡಿದ್ದನ್ನು ನೀವು ಹಿಡಿಯುವುದೂ ಇದೇ ಬಲದಿಂದ. ಸನ್ನಿಧಿ: ಸೇರಬೇಕಾದ ಪದಗಳು ಹತ್ತಿರ ಹತ್ತಿರ ಇರುವುದು. ತಾತ್ಪರ್ಯ: ಹೇಳಿದವನ ಮನಸ್ಸಿನಲ್ಲಿದ್ದದ್ದು. ‘ಸೈಂಧವ ತಾ’ ಎಂದರೆ ಉಪ್ಪೂ ಆದೀತು, ಕುದುರೆಯೂ ಆದೀತು. ಊಟಕ್ಕೆ ಕೂತವನು ಕೇಳಿದ್ದು ಉಪ್ಪು. ಮುಂದಿನ ಹಂತಗಳಲ್ಲಿ ಬರುವ ಪ್ರತಿ ಎಡವಟ್ಟೂ ಈ ನಾಲ್ಕರಲ್ಲಿ ಒಂದು ಕೈಕೊಟ್ಟದ್ದೇ.

ಶುರು ಮಾಡುವ ಮೊದಲು

ಎದುರಿನವರ ಬಗ್ಗೆ ಮೂರು ಸಂಗತಿ ಗೊತ್ತಿರಬೇಕು. ಅವರ ಬಳಿ ಯಾವ ಫೋನಿದೆ, ಕೀಪ್ಯಾಡಿನದೋ ಸ್ಮಾರ್ಟ್‌ಫೋನೋ? ಕನ್ನಡ ಓದುತ್ತಾರೋ, ಕೇಳಿಯಷ್ಟೇ ತಿಳಿಯುತ್ತಾರೋ? (ಅಸ್ಸಾಮಿನಿಂದ ಬಂದ ಕೆಲಸದವರಿಗೆ ಕನ್ನಡದಲ್ಲಿ ಬರೆದು ಕಳಿಸಿ, ‘ಹೇಳಿದ್ದೆ’ ಎನ್ನುವುದು ಹೇಳಿದಂತಲ್ಲ.) ಅವರಿರುವಲ್ಲಿ ನೆಟ್‌ವರ್ಕ್ ಯಾವಾಗ ಸಿಗುತ್ತದೆ? ತೋಟದ ಕೆಲಸದವರು ಇರುವ ಲೈನ್ ಮನೆಯಲ್ಲಿ ಸಿಗದ ಡೇಟಾ ರಸ್ತೆಗೆ ಹತ್ತಿದ ಮೇಲೆ ಸಿಗುತ್ತದೆ ಎಂದಾದರೆ, ಬೆಳಿಗ್ಗೆ 7ಕ್ಕೆ ನೀವು ಕಳಿಸಿದ್ದು ಅವರಿಗೆ ಮುಟ್ಟುವುದು ಸಂಜೆಗೆ.

ಹಂತ 1: ಈ ಸಂದೇಶದ ಕೆಲಸ ಯಾವುದು, ಮೊದಲೇ ಗೊತ್ತು ಮಾಡಿಕೊಳ್ಳಿ

ತಿಳಿಸಬೇಕೋ, ಕೇಳಬೇಕೋ, ಕೆಲಸ ಮಾಡಿಸಬೇಕೋ, ಒಪ್ಪಿಗೆ ಪಡೆಯಬೇಕೋ? ಒಂದು ಸಂದೇಶಕ್ಕೆ ಒಂದೇ ಕೆಲಸ. ‘ಪಂಪ್ ಕೆಟ್ಟಿದೆ’ ಎಂದು ತೋಟದ ಲೆಕ್ಕ ನೋಡುವ ರೈಟರ್ ಕಳಿಸಿದರೆ ಅದು ಸುದ್ದಿಯೋ, ರಿಪೇರಿಗೆ ದುಡ್ಡು ಕೇಳಿದ್ದೋ, ಇವತ್ತು ನೀರು ಬಿಡಲಾಗಲಿಲ್ಲ ಎಂಬ ಸಮಜಾಯಿಷಿಯೋ? ಮೂರೂ ಇರಬಹುದು. ಮಾಡಬೇಕಾದ್ದು ಇಷ್ಟು: ಸುದ್ದಿಯ ಹಿಂದೆಯೇ ಬೇಡಿಕೆಯನ್ನೂ ಬರೆಯುವುದು. ‘ಪಂಪ್ ಕೆಟ್ಟಿದೆ. ಮೆಕ್ಯಾನಿಕ್‌ನ ಕರೆಸಲಾ, ನೀವೇ ಕರೆಸ್ತೀರಾ?’

ಮೂರು ಪ್ರಶ್ನೆ ಒಟ್ಟಿಗೆ ಕೇಳಿದರೆ ಉತ್ತರ ಬರುವುದು ಕೊನೆಯದಕ್ಕೋ, ಸುಲಭವಾದದ್ದಕ್ಕೋ ಮಾತ್ರ. ಮೂರೂ ಬೇಕೇಬೇಕಾದರೆ 1, 2, 3 ಎಂದು ನಂಬರ್ ಹಾಕಿ, ‘ನಂಬರ್ ಹಾಕೇ ಉತ್ತರ ಕಳ್ಸಿ’ ಎನ್ನಿ.

ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಸಿಕ್ಕ, ಸುಮಾರು ಕ್ರಿ.ಶ. 450ರದ್ದೆಂದು ಹೇಳುವ ಶಾಸನದಲ್ಲಿರುವುದು 16 ಸಾಲು. ಕೊಟ್ಟವರು, ಪಡೆದವನು, ಯಾವ ಊರು, ಏತಕ್ಕಾಗಿ ಎಂಬುದೂ ಮುರಿದವನಿಗೆ ಪಾಪವೆಂಬ ಎಚ್ಚರಿಕೆಯೂ ಅಷ್ಟರಲ್ಲೇ ಇವೆ. ಕಲ್ಲು ಕೆತ್ತುವವನಿಗೆ ಒಂದೊಂದು ಅಕ್ಷರವೂ ಕೈನೋವು. ಬೇಡದ್ದನ್ನು ಅವನು ಬರೆಯಲಾರ, ಬೇಕಾದ್ದನ್ನು ಬಿಡಲಾರ. ನಮ್ಮ ಹೆಬ್ಬೆರಳಿಗೆ ಆ ಕಷ್ಟವಿಲ್ಲ.

ಹಂತ 2: ‘ಅದು’, ‘ಅಲ್ಲಿ’, ‘ಆ ಕಡೆ’ ಹುಡುಕಿ ತೆಗೆಯಿರಿ

ಎದುರಾಎದುರು ಮಾತಾಡುವಾಗ ಕೈ ತೋರಿಸುತ್ತೇವೆ, ಕಣ್ಣು ಹೊರಳಿಸುತ್ತೇವೆ. ಫೋನಿನಲ್ಲಿ ಕೈಯೂ ಇಲ್ಲ, ಕಣ್ಣೂ ಇಲ್ಲ. ಬರೆದದ್ದನ್ನು ಕಳಿಸುವ ಮುಂಚೆ ಒಮ್ಮೆ ಓದಿ, ಬೆರಳು ತೋರಿಸುವ ಪದ ಸಿಕ್ಕಲ್ಲೆಲ್ಲ ಹೆಸರು ಹಾಕಿ. ‘ಆ ಸಾಮಾನು ಅಲ್ಲೇ ಇಡಿ’ ಎಂಬುದು ‘ಕತ್ತಿ, ಗುದ್ದಲಿ ಪಲ್ಪರ್ ಮನೆ ಒಳಗಿಡಿ’ ಎಂದಾಗಲಿ. (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರವೇ ಪಲ್ಪರ್.) ‘ಮೇಲಿನ ತೋಟ’, ‘ಕೆಳಗಿನ ಗದ್ದೆ’ ಎನ್ನುವುದು ಮನೆಯಲ್ಲಿ ನಿಂತವರಿಗೆ ಸರಿ. ರಸ್ತೆಯಿಂದ ಬರುವ ಟ್ರ್ಯಾಕ್ಟರಿನವನಿಗೆ ಮೇಲು ಕೆಳಗಾಗುತ್ತದೆ. ತೋಟದ ಆ ಭಾಗಕ್ಕೆ, ಅಂದರೆ ಬ್ಲಾಕಿಗೆ, ಹೆಸರಿದ್ದರೆ ಆ ಹೆಸರನ್ನೇ ಬರೆಯಿರಿ.

ಹಂತ 3: ದಿನ, ಜಾಗ, ಅಳತೆ

ಹೆಚ್ಚು ನಷ್ಟ ಆಗುವುದು ಇಲ್ಲಿ. ಹಾಗಾಗಿ ಸ್ವಲ್ಪ ನಿಧಾನವಾಗಿ ಓದಿ.

ದಿನ. ‘ಬರೋ ಸೋಮವಾರ’ ಎಂದರೆ ಶನಿವಾರ ಹೇಳಿದವನಿಗೆ ನಾಳಿದ್ದು, ಕೇಳಿದವನಿಗೆ ಅದರ ಮುಂದಿನ ವಾರ. ‘ಎಂಟು ದಿನ ಬಿಟ್ಟು’ ಎಂದರೆ ನಮ್ಮ ಲೆಕ್ಕದಲ್ಲಿ ಒಂದು ವಾರ, ಅಂದರೆ 7 ದಿನ. ‘ಹದಿನೈದು ದಿನ’ ಎಂದರೆ ಎರಡು ವಾರ, 14 ದಿನ. ಔಷಧಿ, ಬ್ಯಾಂಕಿನ ಕಂತು, ಕೋರ್ಟಿನ ವಾಯಿದೆಗಳಲ್ಲಿ ಈ ಲೆಕ್ಕ ನಡೆಯುವುದಿಲ್ಲ. ‘ಮೊನ್ನೆ’ ಎಂದರೆ ನಿನ್ನೆಯ ಹಿಂದಿನ ದಿನವೂ ಹೌದು, ‘ಇತ್ತೀಚೆಗೆ ಯಾವಾಗಲೋ’ ಎಂಬುದೂ ಹೌದು. ವಾರ ಮತ್ತು ತಾರೀಖು ಎರಡನ್ನೂ ಬರೆದರೆ ಒಂದು ತಪ್ಪಿದರೂ ಇನ್ನೊಂದು ಹಿಡಿದುಕೊಡುತ್ತದೆ: ‘17ನೇ ತಾರೀಖು, ಸೋಮವಾರ’. ಎರಡೂ ತಾಳೆಯಾಗದಿದ್ದರೆ ಓದಿದವರು ತಾವಾಗಿ ಕೇಳುತ್ತಾರೆ.

ನಡುರಾತ್ರಿಯ ಬಸ್ಸಿನದು ಬೇರೆಯೇ ಗೋಳು. ‘ಭಾನುವಾರ ರಾತ್ರಿ 12.30’ ಎನ್ನುವವರಿಗೆ ಬೆಳಕಾಗುವವರೆಗೂ ಭಾನುವಾರವೇ. ಟಿಕೆಟ್ಟಿನಲ್ಲಿ ಅದು ಸೋಮವಾರ. ‘ಭಾನುವಾರ ರಾತ್ರಿ ಊಟ ಮಾಡಿ ಹೊರಡೋದು, ಟಿಕೆಟ್‌ನಲ್ಲಿ ಸೋಮವಾರ 00.30’ ಎಂದು ಎರಡನ್ನೂ ಬರೆಯಿರಿ.

ಜಾಗ. ಗಾಳಿ ಮಳೆಯಲ್ಲಿ ಲೈನ್ ಕತ್ತರಿಸುವಾಗ ಚಿಕ್ಕಮಗಳೂರಿನ ಆಲ್ದೂರು ಹಾಸನದ ಆಲೂರಾಗಿ ಕೇಳುತ್ತದೆ. ಮೂಡಿಗೆರೆ ಕಡೆಯ ಬಾಳೂರು ಬೇಲೂರಾಗುತ್ತದೆ. ಹೊಸಹಳ್ಳಿಗಳನ್ನಂತೂ ಎಣಿಸುವುದೇ ಬೇಡ. ಊರಿನ ಜೊತೆ ತಾಲ್ಲೂಕು, ಜೊತೆಗೊಂದು ಎಲ್ಲರಿಗೂ ಗೊತ್ತಿರುವ ಗುರುತು ಹೇಳಿ. ‘ಸ್ವಲ್ಪ ಮುಂದೆ’ ಬೇಡ, ‘ದೇವಸ್ಥಾನ ದಾಟಿ ಎಡಕ್ಕೆ ಎರಡನೇ ಗೇಟು’ ಇರಲಿ. ಎಡ ಬಲ ಹೇಳುವಾಗ ಎಲ್ಲಿಂದ ಬರುವಾಗ ಎಂಬುದೂ ಬೇಕು: ‘ಮೂಡಿಗೆರೆ ಕಡೆಯಿಂದ ಕೊಟ್ಟಿಗೆಹಾರಕ್ಕೆ ಬರುವಾಗ ಬಲಕ್ಕೆ’.

ಲೊಕೇಶನ್ ಕಳಿಸುವವರಿಗೆ ಎರಡು ಮಾತು. ವಾಟ್ಸ್ಆ್ಯಪ್‌ನಲ್ಲಿ ಈಗಿರುವ ಜಾಗ ಕಳಿಸುವುದು ಬೇರೆ, ಲೈವ್ ಲೊಕೇಶನ್ ಬೇರೆ. ಲೈವ್ ನಿಮ್ಮ ಜೊತೆ ಚಲಿಸುತ್ತದೆ. 15 ನಿಮಿಷ, 1 ಗಂಟೆ, 8 ಗಂಟೆ ಎಂದು ಅವಧಿ ಆರಿಸಬೇಕು. ನೀವು ದಾರಿಯಲ್ಲಿದ್ದು ಮನೆಯ ಜಾಗ ತಿಳಿಸಬೇಕಾದಾಗ ‘ಈಗಿರುವ ಜಾಗ’ ಒತ್ತಿದರೆ ನೆಂಟರು ಬಂದು ನಿಲ್ಲುವುದು ರಸ್ತೆ ಬದಿಯಲ್ಲಿ. ಜಿಪಿಎಸ್‌ಗೆ ನೆಟ್‌ವರ್ಕ್ ಬೇಕಿಲ್ಲ, ಆದರೆ ಕಳಿಸಲು ಬೇಕು. ಸಿಗ್ನಲ್ ಇಲ್ಲದಲ್ಲಿ ಬರೆದಿಟ್ಟ ದಾರಿಯೇ ಗತಿ.

ಅಳತೆ. ಮಲೆನಾಡಿನಲ್ಲಿ ‘ಸೆಂಟ್’ ಎಂಬ ಒಂದೇ ಪದ ಮಳೆಗೂ ಉಂಟು, ಜಮೀನಿಗೂ ಉಂಟು. ಮಳೆಯ 100 ಸೆಂಟ್ ಎಂದರೆ 1 ಇಂಚು, ಅಂದರೆ 25.4 ಮಿಲಿಮೀಟರ್. ಜಮೀನಿನ 100 ಸೆಂಟ್ ಎಂದರೆ 1 ಎಕರೆ, ಅಂದರೆ 40 ಗುಂಟೆ. 1 ಗುಂಟೆಗೆ ಎರಡೂವರೆ ಸೆಂಟ್. ಕಾಫಿ ಹೂ ಬಿಡಿಸುವ ಹೂಮಳೆಯ ದಿನಗಳಲ್ಲಿ ‘ನಮಗೆ 50 ಆಯ್ತು, ನಿಮಗೆ?’ ಎಂದರೆ ತೋಟದವರಿಗೆ ಅದು 50 ಸೆಂಟ್, ಅರ್ಧ ಇಂಚು, 12.7 ಮಿಲಿಮೀಟರ್. ಪತ್ರಿಕೆಯಲ್ಲಿ ಮಿಲಿಮೀಟರ್ ಓದಿ ರೂಢಿಯಾದ ಮಗ ಅದನ್ನು 50 ಮಿಲಿಮೀಟರ್ ಎಂದುಕೊಂಡರೆ ನಾಲ್ಕು ಪಟ್ಟು ಹೆಚ್ಚು ಮಳೆ ಬಂದಂತಾಯಿತು. ಯಾವ ಹೊತ್ತಿಗೆ ಅಳೆದದ್ದೆಂದೂ ಬೇಕು: ಹವಾಮಾನ ಇಲಾಖೆಯ ದಿನದ ಲೆಕ್ಕ ಬೆಳಿಗ್ಗೆ 8.30ಕ್ಕೆ ಮುಗಿಯುತ್ತದೆ, ನಿಮ್ಮ ಮನೆಯ ಮಳೆಮಾಪಕವನ್ನು 7ಕ್ಕೆ ನೋಡಿದ್ದರೆ ನಡುವೆ ಬಿದ್ದದ್ದು ಇನ್ನೊಂದು ದಿನಕ್ಕೆ ಹೋಗುತ್ತದೆ.

‘ಮೂಟೆ’ಯೂ ಅಷ್ಟೇ. ಕಾಫಿ ಮೂಟೆ ಎಂದರೆ 50 ಕೆಜಿ. ಯೂರಿಯಾ ಮೂಟೆ 45 ಕೆಜಿ. ಡಿಎಪಿ ಗೊಬ್ಬರ ಮತ್ತೆ 50. ‘ಎರಡು ಮೂಟೆ ಗೊಬ್ಬರ ಹಾಕಿದೆ’ ಎಂಬ ವರದಿಯಿಂದ ಲೆಕ್ಕ ಬರೆಯಲು ಆಗುವುದಿಲ್ಲ. ಹೆಸರು ಮತ್ತು ಕೆಜಿ ಎರಡೂ ಬೇಕು.

ಕಾಫಿ ಧಾರಣೆ ಕೇಳುವಾಗ ‘ಇವತ್ತು ರೇಟ್ ಎಷ್ಟು?’ ಎಂದರೆ ಉತ್ತರ ನಾಲ್ಕು: ಅರೇಬಿಕಾ ಪಾರ್ಚ್‌ಮೆಂಟ್, ಅರೇಬಿಕಾ ಚೆರ್ರಿ, ರೋಬಸ್ಟಾ ಪಾರ್ಚ್‌ಮೆಂಟ್, ರೋಬಸ್ಟಾ ಚೆರ್ರಿ. ಹಣ್ಣಿನ ಸಿಪ್ಪೆ ಬಿಡಿಸಿ ತೊಳೆದು ಒಣಗಿಸಿದ್ದು ಪಾರ್ಚ್‌ಮೆಂಟ್, ಹಣ್ಣನ್ನು ಹಾಗೇ ಒಣಗಿಸಿದ್ದು ಚೆರ್ರಿ. ಚೆರ್ರಿಯಲ್ಲಿ ‘ಓಟಿ’ ಎಂಬ ಲೆಕ್ಕವೂ ಇದೆ, ಔಟ್‌ಟರ್ನ್ ಎಂಬುದರ ಮೊಟಕು. 50 ಕೆಜಿ ಚೆರ್ರಿ ಹಲ್ ಮಾಡಿಸಿದಾಗ, ಅಂದರೆ ಒಣಸಿಪ್ಪೆ ತೆಗೆಸಿದಾಗ, 26 ಕೆಜಿ ಬೀಜ ಬಂದರೆ ಓಟಿ 26. ವ್ಯಾಪಾರಿ ಹೇಳಿದ್ದು ಒಂದು ಓಟಿ ಪಾಯಿಂಟಿನ ಬೆಲೆಯೋ, ಇಡೀ ಮೂಟೆಯದೋ ಎಂದು ಕೇಳದೆ ‘ಸರಿ, ಲೋಡ್ ಕಳಿಸ್ತೀನಿ’ ಎನ್ನಬೇಡಿ. ಹೀಗೆ ಕೇಳಿ: ‘ರೋಬಸ್ಟಾ ಚೆರ್ರಿ, 40 ಮೂಟೆ. 1) ಇವತ್ತಿನ ರೇಟ್ 50 ಕೆಜಿಗೋ, ಓಟಿ ಲೆಕ್ಕವೋ? 2) ತೇವಾಂಶ ಎಷ್ಟರವರೆಗೆ ಒಪ್ತೀರಿ? 3) ಹಣ ಯಾವತ್ತು?’ ಕಾಳುಮೆಣಸಿಗೆ ಮಾತ್ರ ಕೆಜಿ ಲೆಕ್ಕ. ಅಲ್ಲಿ ಗೊಂದಲ ಕಡಿಮೆ.

ಅಂಕಿ. ಫೋನಿನಲ್ಲಿ ಇಪ್ಪತ್ತು ಮತ್ತು ಎಪ್ಪತ್ತು ಒಂದೇ ಥರ. ‘ಇಪ್ಪತ್ತು, ಎರಡರ ಮುಂದೆ ಸೊನ್ನೆ’, ‘ಎಪ್ಪತ್ತು, ಏಳರ ಮುಂದೆ ಸೊನ್ನೆ’ ಎಂದು ಬಿಡಿಸಿ ಹೇಳಿ. ಬರೆಯುವುದಾದರೆ ಅಂಕಿಯಲ್ಲೇ ಬರೆಯಿರಿ, ಹಣವಾದರೆ ಅಕ್ಷರದಲ್ಲೂ.

ಇಷ್ಟೂ ಸೇರಿಸಿ, ಗಿಡದ ರೋಗ ತಡೆಯಲು ಹೊಡೆಯುವ ಬೋರ್ಡೋ ದ್ರಾವಣದ ಸಿಂಪಡಣೆಗೆ ಒಂದು ಮಾದರಿ: ‘17ನೇ ತಾರೀಖು ಸೋಮವಾರ, ಬಾವಿ ಬ್ಲಾಕ್ ಮೆಣಸಿನ ಬಳ್ಳಿಗೆ ಬೋರ್ಡೋ, ಶೇಕಡಾ 1. 200 ಲೀಟರ್ ಡ್ರಮ್ಮಿಗೆ ಮೈಲುತುತ್ತ 2 ಕೆಜಿ, ಸುಣ್ಣ 2 ಕೆಜಿ. ಆಳು 4. ಮಳೆ ಬಂದರೆ ನಿಲ್ಲಿಸಿ ಫೋನ್ ಮಾಡಿ.’ ಕೊನೆಯ ಮಾತನ್ನು ಗಮನಿಸಿ. ಅಂದುಕೊಂಡಂತೆ ಆಗದಿದ್ದರೆ ಏನು ಮಾಡಬೇಕೆಂದು ಹೇಳದಿದ್ದರೆ ಎದುರಿನವರು ಒಂದೋ ಕೈಕಟ್ಟಿ ಕೂರುತ್ತಾರೆ, ಇಲ್ಲವೇ ಮಳೆಯಲ್ಲೇ ಹೊಡೆಯುತ್ತಾರೆ.

ಹಂತ 4: ಯಾವ ಲಿಪಿ, ಯಾವ ದಾರಿ

ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುವುದು ಬೇಗ ಆಗುತ್ತದೆ ನಿಜ. ಆದರೆ ಬಿ-ಇ-ಎಲ್-ಇ ಎಂದು ಹೊಡೆದರೆ ಅದು ಬೆಲೆಯೋ, ಬೆಳೆಯೋ, ಬೇಳೆಯೋ? ಕೆ-ಎ-ಎಲ್-ಯು ಎಂದರೆ ಕಾಲೋ, ಕಾಳೋ, ಕಲ್ಲೋ? ಎಂ-ಎ-ಎಲ್-ಇ ಎಂದರೆ ಮಳೆ, ಮಲೆ, ಮಾಲೆ. ದೀರ್ಘವೂ ಹೋಯಿತು, ಲ-ಳ ಭೇದವೂ ಹೋಯಿತು, ಒತ್ತೂ ಹೋಯಿತು. ಇವೆಲ್ಲಕ್ಕಿಂತ ಅಪಾಯದ್ದು ‘ಬರಲಾ’ ಮತ್ತು ‘ಬರಲ್ಲ’. ಒಂದು ಅಪ್ಪಣೆ ಕೇಳುವುದು, ಇನ್ನೊಂದು ಕಡ್ಡಿ ಮುರಿಯುವುದು. ಇಂಗ್ಲಿಷ್ ಅಕ್ಷರದಲ್ಲಿ ಎರಡೂ ಒಂದೇ ಆಗಿ, ‘ನಾನು ಬರಲಾ’ ಎಂದವರಿಗಾಗಿ ಯಾರೂ ಕಾಯುವುದಿಲ್ಲ. ಬೆಲೆ, ತಾರೀಖು, ಹೌದು-ಅಲ್ಲ ಇರುವ ಸಂದೇಶವನ್ನು ಕನ್ನಡ ಲಿಪಿಯಲ್ಲೇ ಬರೆಯಿರಿ. ಟೈಪಿಂಗ್ ಬರದಿದ್ದರೆ ಕೀಬೋರ್ಡಿನ ಮೈಕ್ ಒತ್ತಿ ಮಾತಾಡಿ. ಕಳಿಸುವ ಮುಂಚೆ ಊರಿನ ಹೆಸರು ಮತ್ತು ‘ಇಲ್ಲ’ಗಳನ್ನು ಮಾತ್ರ ತಪ್ಪದೆ ನೋಡಿ. ಮೈಕ್ ಎಡವುವುದು ಅಲ್ಲೇ.

ಡೇಟಾ ಸಿಗದ ಜಾಗಕ್ಕೆ ಎಸ್ಸೆಮ್ಮೆಸ್ ಈಗಲೂ ಒಳ್ಳೆಯದು. ಲೆಕ್ಕ ತಿಳಿದಿರಲಿ: ಇಂಗ್ಲಿಷ್ ಅಕ್ಷರದಲ್ಲಿ ಒಂದು ಎಸ್ಸೆಮ್ಮೆಸ್‌ಗೆ 160 ಅಕ್ಷರ, ಕನ್ನಡದಲ್ಲಿ 70. ಅದಕ್ಕಿಂತ ಉದ್ದವಾದರೆ ತುಂಡಾಗಿ ಹೋಗುತ್ತದೆ, ಆಗ ತುಂಡಿಗೆ 67 ಮಾತ್ರ. ಕಾಗುಣಿತ, ಒತ್ತು ಎಲ್ಲವೂ ಬೇರೆ ಬೇರೆ ಎಣಿಕೆ. ‘ಮೇಸ್ತ್ರಿ’ ನಮ್ಮ ಕಣ್ಣಿಗೆ ಎರಡೇ ಅಕ್ಷರ, ಫೋನಿನ ಲೆಕ್ಕದಲ್ಲಿ 8. ಹಾಗಾಗಿ ಎಸ್ಸೆಮ್ಮೆಸ್‌ನಲ್ಲಿ ಮುಖ್ಯವಾದ್ದನ್ನು ಮೊದಲ ಸಾಲಿಗೇ ತನ್ನಿ.

ವಾಯ್ಸ್ ಮೆಸೇಜ್ ಬರೆಯಲಾರದವರಿಗೆ, ಓದಲಾರದವರಿಗೆ ವರ. ಕೆಲಸದ ಮಾತಾದರೆ ಅರ್ಧ ನಿಮಿಷದೊಳಗೆ ಮುಗಿಸಿ. ಮೊದಲು ವಿಷಯ, ಆಮೇಲೆ ಕ್ಷೇಮಸಮಾಚಾರ. ಪಲ್ಪರ್, ಜನರೇಟರ್, ಗಾಳಿ ಇವುಗಳಿಂದ ದೂರ ನಿಂತು ಮಾತಾಡಿ. ಅಂಕಿಗಳನ್ನು ಎರಡು ಸಲ ಹೇಳಿ. ವಾಯ್ಸ್‌ನಲ್ಲಿ ಏನನ್ನೂ ಹುಡುಕಲು ಆಗುವುದಿಲ್ಲ. ಮುಂದೆ ಲೆಕ್ಕಕ್ಕೆ ಬೇಕಾಗುವ ದಿನ, ದುಡ್ಡು, ಅಳತೆ ಇದ್ದರೆ ಅದರ ಕೆಳಗೆ ಒಂದು ಸಾಲು ಬರೆದೂ ಕಳಿಸಿ.

ಹಂತ 5: ದನಿ ಇಲ್ಲದ ಕಡೆ ದನಿ ತುಂಬುವುದು

ಕನ್ನಡದಲ್ಲಿ ಒಂದೇ ಸ್ವರ ಇಡೀ ಮಾತನ್ನು ತಿರುಗಿಸುತ್ತದೆ. ‘ನೀವು ಮಾಡಿ’ ಎಂದರೆ ಬರೀ ಕೆಲಸ. ‘ನೀವೂ ಮಾಡಿ’ ಎಂದರೆ ಉಳಿದವರ ಜೊತೆಗೆ. ‘ನೀವೇ ಮಾಡಿ’ ಎಂದರೆ ಬೇರೆಯವರಿಗೆ ವಹಿಸಬೇಡಿ ಎಂದೂ ಆಯಿತು, ನನ್ನನ್ನು ಕರೆಯಬೇಡಿ ಎಂಬ ಸಿಡುಕೂ ಆಯಿತು. ಬಾಯಲ್ಲಿ ಹೇಳಿದಾಗ ದನಿ ಯಾವುದೆಂದು ತಿಳಿಸುತ್ತದೆ. ಬರಹದಲ್ಲಿ ಓದುವವನ ಆ ಹೊತ್ತಿನ ಮನಸ್ಸು ತಿಳಿಸುತ್ತದೆ. ‘ಏ’ ಕಾರ ಬಳಸಿದಾಗ ಕಾರಣವನ್ನೂ ಸೇರಿಸಿ: ‘ನೀವೇ ಮಾಡಿ, ಅವನಿಗೆ ಹದ ಗೊತ್ತಾಗಲ್ಲ.’ ಈಗ ಅದು ಮೆಚ್ಚುಗೆ.

‘ಹೇಳಿದ್ನಲ್ಲ’, ‘ಗೊತ್ತಲ್ಲ’ ಎನ್ನುವ ‘ಲ್ಲ’ಗಳು ಬರಹದಲ್ಲಿ ಗದರಿದಂತೆ ಕೇಳುತ್ತವೆ. ತೆಗೆದುಬಿಡಿ.

ದೊಡ್ಡವರಿಗೆ ಬರೆಯುವಾಗ ನಾವು ಮೆತ್ತಗೆ ಸುತ್ತಿ ಹೇಳುತ್ತೇವೆ. ಅದು ಸರಿಯೇ. ಆದರೆ ಸುತ್ತುವ ಭರದಲ್ಲಿ ವಿಷಯ ಕಳೆಯಬಾರದು. ‘ದೊಡ್ಡಪ್ಪ, ನೀವೂ ಒಂದ್ಸಲ ಬಂದು ಹೋಗಿದ್ರೆ ಚೆನ್ನಾಗಿತ್ತು’ ಎಂದರೆ ದೊಡ್ಡಪ್ಪನಿಗೆ ಅದು ಪ್ರೀತಿಯ ಮಾತು, ಶನಿವಾರದ ಪಾಲುಪಟ್ಟಿಗೆ ಕರೆ ಎಂದು ಹೊಳೆಯುವುದಿಲ್ಲ. ಮೆತ್ತನೆಯ ಮಾತು ಮುಂದಿರಲಿ, ಗಟ್ಟಿ ವಿಷಯ ಹಿಂದೆ ಬರಲಿ: ‘ದೊಡ್ಡಪ್ಪ, ನೀವಿದ್ರೆ ನಮಗೆ ಧೈರ್ಯ. 22ನೇ ತಾರೀಖು ಶನಿವಾರ 11 ಗಂಟೆಗೆ ಪಾಲುಪಟ್ಟಿಗೆ ಸರ್ವೆಯವರು ಬರ್ತಾರೆ. ನಾನೇ ಬಂದು ಕರ್ಕೊಂಡು ಹೋಗ್ಲಾ?’

ಹಂತ 6: ಕಳಿಸಿದ ಮೇಲೆ, ಮುಟ್ಟಿತೇ ಎಂದು ನೋಡುವುದು

ವಾಟ್ಸ್ಆ್ಯಪ್‌ನ ಒಂದು ಬೂದು ಗೆರೆ (ಟಿಕ್ ಗುರುತು) ಎಂದರೆ ನಿಮ್ಮ ಫೋನಿನಿಂದ ಹೊರಟಿತು. ಎರಡು ಬೂದು ಗೆರೆ ಎಂದರೆ ಅವರ ಫೋನಿಗೆ ತಲುಪಿತು. ನೀಲಿಯಾದರೆ ಅವರು ತೆರೆದರು. ತೆರೆದದ್ದು ಓದಿದಂತಲ್ಲ, ಓದಿದ್ದು ಒಪ್ಪಿದಂತಲ್ಲ. ನೀಲಿ ಗೆರೆ ಬರದಂತೆ ಮಾಡಿಕೊಂಡವರೂ ಇರುತ್ತಾರೆ. ಅವರ ಮೇಲೆ ‘ಓದೇ ಇಲ್ಲ’ ಎಂದು ಮುನಿಸಿಕೊಳ್ಳಬೇಡಿ. ಗುಂಪಿನಲ್ಲಿ ಮಾತ್ರ ಆ ಮರೆ ನಡೆಯುವುದಿಲ್ಲ: ಸಂದೇಶವನ್ನು ಒತ್ತಿಹಿಡಿದು ಮಾಹಿತಿ ನೋಡಿದರೆ ಯಾರು ಯಾರು ತೆರೆದರೆಂದು ತಿಳಿಯುತ್ತದೆ.

ಇನ್ನು ನಮ್ಮ ‘ಆಯ್ತು’. ಇದನ್ನು ತಪ್ಪಿಸಲು ಒಂದೇ ಉಪಾಯ: ‘ಆಯ್ತು’ ಎಂದು ಉತ್ತರಿಸಲಾಗದಂಥ ಪ್ರಶ್ನೆ ಕೇಳುವುದು. ‘ಗೊತ್ತಾಯ್ತಾ?’ ಎಂದರೆ ಗೊತ್ತಾಗದವರೂ ಹೂಂ ಎನ್ನುತ್ತಾರೆ; ಗೊತ್ತಾಗಲಿಲ್ಲ ಎನ್ನಲು ಯಾರಿಗೂ ಮನಸ್ಸಿಲ್ಲ. ‘ಎಷ್ಟು ಆಳು ಹೇಳಿದ್ದೀರಿ?’, ‘ಮೈಲುತುತ್ತ ಎಷ್ಟು ಉಳಿದಿದೆ?’, ‘ಯಾವ ಬ್ಲಾಕಿಂದ ಶುರು ಮಾಡ್ತೀರಿ?’ ಎಂದು ಕೇಳಿ. ಉತ್ತರದಲ್ಲೇ ಅರ್ಥವಾದದ್ದು ಎಷ್ಟೆಂದು ಬಯಲಾಗುತ್ತದೆ, ಎದುರಿನವರ ಬುದ್ಧಿಯನ್ನು ಪರೀಕ್ಷಿಸಿದಂತೆಯೂ ಆಗುವುದಿಲ್ಲ. ನೀವೇ ಉತ್ತರಿಸುವವರಾದರೆ ‘ಆಯ್ತು’ ಬಿಟ್ಟು ‘ಮಾಡಿಸ್ತೀನಿ’ ಅಥವಾ ‘ಮಾಡಿಸಿದ್ದೀನಿ’ ಎಂದು ಬರೆಯಿರಿ. ಎರಡು ಅಕ್ಷರದ ಉಳಿತಾಯಕ್ಕೆ ಒಂದು ದಿನದ ಕೆಲಸ ಹೋಗುವುದು ಬೇಡ.

ಗುಂಪಿನಲ್ಲಿ ಪ್ರಶ್ನೆಗೂ ಉತ್ತರಕ್ಕೂ ನಡುವೆ ಮೂರು ಶುಭೋದಯ, ಒಂದು ಅಡಿಕೆ ಧಾರಣೆ ಬಂದು ಕೂತಿರುತ್ತವೆ. ಇದೇ ಸನ್ನಿಧಿ ತಪ್ಪುವುದು. ಯಾವ ಸಂದೇಶಕ್ಕೆ ಉತ್ತರವೋ ಅದನ್ನೇ ಬಲಕ್ಕೆ ಎಳೆದು, ಅದರ ಕೆಳಗೇ ಬರೆಯಿರಿ.

ಹಂತ 7: ಬೇರೆಯವರದ್ದನ್ನು ಓದುವುದು

ಬರೆಯುವುದಕ್ಕಿಂತ ಇದು ಕಷ್ಟ. ಏಕೆಂದರೆ ಇಲ್ಲಿ ಖಾಲಿ ಜಾಗ ತುಂಬುವವರು ನೀವು.

ಬ್ರಿಟಿಷ್ ತತ್ತ್ವಜ್ಞಾನಿ ಪಾಲ್ ಗ್ರೈಸ್ 1975ರಲ್ಲಿ ಪ್ರಕಟಿಸಿದ ಒಂದು ಲೇಖನದಲ್ಲಿ ಇದರ ಒಳಗುಟ್ಟು ಬಿಡಿಸಿದ್ದಾರೆ. ಮಾತಾಡುವವರು ಬೇಕಾದಷ್ಟು, ನಿಜವನ್ನು, ಸಂಬಂಧಪಟ್ಟದ್ದನ್ನು, ತಿಳಿಯಾಗಿ ಹೇಳುತ್ತಾರೆಂದು ಕೇಳುವವರು ನಂಬಿರುತ್ತಾರೆ. ಯಾರಾದರೂ ಬೇಕೆಂದೇ ಇದನ್ನು ತಪ್ಪಿಸಿದರೆ, ಹೇಳದೆ ಬಿಟ್ಟದ್ದನ್ನು ನಾವು ಕೇಳಿಸಿಕೊಳ್ಳುತ್ತೇವೆ. ‘ಹುಡುಗ ಕೆಲಸದಲ್ಲಿ ಹೇಗೆ?’ ಎಂದು ಕೇಳಿದ್ದಕ್ಕೆ ‘ಮನೆತನ ಬಾಳ ಒಳ್ಳೇದು’ ಎಂದು ಬಂದರೆ, ಹುಡುಗನ ಬಗ್ಗೆ ಉತ್ತರ ಸಿಕ್ಕಿದೆ.

ನಮ್ಮ ಕಡೆಯ ಕೆಲವು ಮಾತುಗಳನ್ನು ಪದಕ್ಕೆ ಪದ ಓದಬಾರದು. ‘ಬರ್ತೀನಿ’ ಎಂದು ಎದ್ದವರು ಹೊರಟಿದ್ದಾರೆ. ‘ಹೋಗ್ತೀನಿ’ ಎನ್ನುವುದು ಅಶುಭವೆಂದು ಹಾಗೆನ್ನುತ್ತಾರೆ. ಅದೇ ಮಾತು ಮೆಸೇಜಿನಲ್ಲಿ ಬಂದರೆ ಬರುತ್ತೇನೆ ಎಂದೇ ಅರ್ಥ. ‘ನೋಡೋಣ’ ಎಂದು ಸಾಲ ಕೇಳಿದಾಗ ಬಂದರೆ ಮುಕ್ಕಾಲು ಪಾಲು ಇಲ್ಲ. ವ್ಯಾಪಾರದಲ್ಲಿ ಬಂದರೆ ಇನ್ನೊಂದು ರೇಟು ಹೇಳಿ ಎಂದಿರಬಹುದು. ‘ಪರವಾಗಿಲ್ಲ’ ಎಂಬುದು ಹೊಸ ಸೊಸೆಯ ಅಡುಗೆಗೆ ಹೊಗಳಿಕೆ, ಕಾಲು ತುಳಿದವರಿಗೆ ಕ್ಷಮೆ, ಇನ್ನೊಂದು ಲೋಟ ಕಾಫಿಗೆ ಬೇಡ. ಹೆಬ್ಬೆರಳಿನ ಚಿತ್ರ ಕೆಲವರಿಗೆ ಒಪ್ಪಿಗೆ, ಕೆಲವರಿಗೆ ‘ನೋಡಿದೆ’ ಎಂಬ ಹಾಜರಿ. ಹಿರಿಯರಿಗೆ ಬರೀ ಹೆಬ್ಬೆರಳು ಕಳಿಸಿದರೆ ಉದ್ಧಟತನ ಎನಿಸುವುದೂ ಉಂಟು.

ಸಿಟ್ಟು ತರಿಸಿದ ಸಂದೇಶ ಬಂದರೆ ಹೀಗೆ ಮಾಡಿ. ಅದನ್ನು ಸಿಟ್ಟಿನ ದನಿಯಲ್ಲಿ ಒಮ್ಮೆ ಓದಿ, ಗಡಿಬಿಡಿಯಲ್ಲಿರುವವರ ದನಿಯಲ್ಲಿ ಇನ್ನೊಮ್ಮೆ ಓದಿ. ಎರಡೂ ಹೊಂದಿದರೆ ನಿಮಗೆ ಗೊತ್ತಿರುವುದು ಪದಗಳಷ್ಟೇ, ತಾತ್ಪರ್ಯವಲ್ಲ. ಬರೆದು ಉತ್ತರಿಸುವ ಬದಲು ಫೋನ್ ಮಾಡಿ. ಉತ್ತರವೇ ಬರದಿದ್ದರೂ ಅಷ್ಟೇ: ಜೂನ್, ಜುಲೈನಲ್ಲಿ ಕರೆಂಟ್ ಎರಡು ದಿನ ಹೋದರೆ ಫೋನೂ ಸತ್ತಿರುತ್ತದೆ, ಅದು ಮುನಿಸಲ್ಲ.

ಹಂತ 8: ತುರ್ತಿನ ಸಂದೇಶ

ಆಲೂರು, ಸಕಲೇಶಪುರ, ಬೇಲೂರು, ಮೂಡಿಗೆರೆ ಭಾಗದ ಆನೆ ಸುದ್ದಿಯ ವಾಟ್ಸ್ಆ್ಯಪ್ ಗುಂಪುಗಳಲ್ಲಿ ದಿನಾ ಕಾಣುವ ಸಾಲು: ‘ಆನೆ ಬಂದಿದೆ, ಎಲ್ರೂ ಹುಷಾರು.’ ಯಾವಾಗ, ಎಲ್ಲಿ, ಎಷ್ಟು, ಯಾವ ಕಡೆ ಹೊರಟಿವೆ, ಏನೂ ಇಲ್ಲ. ಓದಿದವರೆಲ್ಲ ಒಟ್ಟಿಗೆ ಫೋನ್ ಮಾಡತೊಡಗುತ್ತಾರೆ. ಬೇಕಿರುವುದು ಹೀಗೆ (ಊರು, ದಿನ ಮಾದರಿಗೆ ಮಾತ್ರ):

‘14-11, ಶುಕ್ರವಾರ, ಬೆಳಿಗ್ಗೆ 6.40. ಆಲೂರು ತಾಲ್ಲೂಕು ಹೊಸಹಳ್ಳಿ, ಕೆರೆ ಏರಿ ಪಕ್ಕದ ಕಾಫಿ ತೋಟ. 3 ಆನೆ, ಒಂದು ಮರಿ. ಶಾಲೆ ರಸ್ತೆ ಕಡೆ ಹೊರಟಿವೆ. ನಾನೇ ಕಣ್ಣಾರೆ ನೋಡಿದ್ದು. ಮಕ್ಕಳನ್ನು ಈ ದಾರೀಲಿ ಕಳಿಸಬೇಡಿ.’

ತಾರೀಖು, ಗಂಟೆಯನ್ನು ಸಂದೇಶದ ಒಳಗೇ ಬರೆಯಬೇಕು. ಫಾರ್ವರ್ಡ್ ಮಾಡಿದಾಗ ಮೂಲದ ಸಮಯ ಹೋಗಿ, ಫಾರ್ವರ್ಡ್ ಮಾಡಿದ ಸಮಯ ಕೂತುಕೊಳ್ಳುತ್ತದೆ. ‘ಈಗ ತಾನೇ ದಾಟಿತು’ ಎಂಬ ನಿನ್ನೆಯ ಸಾಲು ಇವತ್ತು ಊರನ್ನು ಹೆದರಿಸುತ್ತದೆ. ಹೆಚ್ಚು ಅಪಾಯ ಇದರ ಉಲ್ಟಾದಲ್ಲಿದೆ: ‘ಆನೆ ಹೋಯ್ತು’ ಎಂಬ ಹಳೇ ಸಾಲು ನಂಬಿ ಜನ ಹೊರಬರುತ್ತಾರೆ. ಕಂಡದ್ದೋ, ಕೇಳಿದ್ದೋ ಎಂಬುದನ್ನೂ ಹೇಳಿ. ಗಂಟೆ ಇಲ್ಲದ ಆನೆ ಸುದ್ದಿಯನ್ನು ಮುಂದಕ್ಕೆ ಕಳಿಸಬೇಡಿ, ಕಳಿಸಿದವರಿಗೆ ಫೋನ್ ಮಾಡಿ ಗಂಟೆ ಕೇಳಿ.

ಕರೆಂಟಿನ ದೂರಿಗೆ 1912. ಚಿಕ್ಕಮಗಳೂರಿನವರಿಗೆ ಮೆಸ್ಕಾಂ, ಹಾಸನದವರಿಗೆ ಸೆಸ್ಕ್. ಜಿಲ್ಲೆಯ ಗಡಿಯ ಊರಿನವರು ಬಿಲ್ಲಿನ ಮೇಲೆ ಯಾವ ಹೆಸರಿದೆ ನೋಡಿಕೊಳ್ಳಿ. ಫೋನ್ ಎತ್ತುವ ಮುನ್ನ ಬಿಲ್ಲು ಕೈಯಲ್ಲಿರಲಿ. ಅದರಲ್ಲಿರುವ ಆರ್‌ಆರ್ ನಂಬರೇ ನಿಮ್ಮ ಮೀಟರಿನ ಗುರುತು. ನಿಮ್ಮ ಮನೆಗಷ್ಟೇ ಹೋಗಿದೆಯೋ, ಟಿಸಿಯಿಂದಾಚೆ, ಅಂದರೆ ಟ್ರಾನ್ಸ್‌ಫಾರ್ಮರಿನಿಂದಾಚೆ, ಎಲ್ಲರಿಗೂ ಹೋಗಿದೆಯೋ, ತಂತಿ ನೆಲಕ್ಕೆ ಬಿದ್ದಿದೆಯೋ ಎಂದು ಹೇಳಿ. ಬಿದ್ದಿದ್ದರೆ ಅದೇ ಮೊದಲ ಮಾತಾಗಲಿ. ಜೀವಕ್ಕೆ ಅಪಾಯವಿದ್ದರೆ 112, ಆಂಬುಲೆನ್ಸಿಗೆ 108. ಅಲ್ಲಿ ಜಾಗವೇ ಮೊದಲು, ಏನಾಯಿತು ಎಂಬುದು ಆಮೇಲೆ: ಲೈನ್ ಕತ್ತರಿಸಿದರೂ ಗಾಡಿ ಹೊರಡಲು ಜಾಗ ಗೊತ್ತಿದ್ದರೆ ಸಾಕು.

ಹಂತ 9: ತಪ್ಪಾಗಿ ಹೋದರೆ

ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ 15 ನಿಮಿಷದೊಳಗೆ ಸಂದೇಶವನ್ನು ತಿದ್ದಬಹುದು. ಅಕ್ಷರ ತಪ್ಪಿಗೆ ಇದು ಸಾಕು. ತಾರೀಖು, ದುಡ್ಡು, ಅಳತೆ ತಪ್ಪಿದ್ದರೆ ಸಾಲದು, ಏಕೆಂದರೆ ತಿದ್ದಿದ್ದಕ್ಕೆ ಎದುರಿನವರ ಫೋನು ಮತ್ತೆ ಸದ್ದು ಮಾಡುವುದಿಲ್ಲ. ಮೊದಲು ಓದಿದವರ ತಲೆಯಲ್ಲಿ ಹಳೆಯದೇ ಇರುತ್ತದೆ. ಅಳಿಸಿಹಾಕುವುದೂ ಬೇಡ, ಏನನ್ನೋ ಮುಚ್ಚಿಟ್ಟರು ಎಂದು ಅನುಮಾನ ಹುಟ್ಟುತ್ತದೆ. ಹೊಸ ಸಂದೇಶವನ್ನೇ ಕಳಿಸಿ, ತಪ್ಪು ಮತ್ತು ಸರಿ ಎರಡನ್ನೂ ಅದರಲ್ಲಿ ಹೇಳಿ:

‘ತಿದ್ದುಪಡಿ: ಬೆಳಿಗ್ಗೆ 200 ಲೀಟರಿಗೆ ಸುಣ್ಣ 1 ಕೆಜಿ ಅಂದಿದ್ದೆ, ತಪ್ಪು. 2 ಕೆಜಿ ಆಗ್ಬೇಕು. ಈಗಾಗ್ಲೇ ಕಲೆಸಿದ್ರೆ ಹೊಡೀಬೇಡಿ, ಎಷ್ಟು ಡ್ರಮ್ ಕಲೆಸಿದ್ದೀರಿ ಹೇಳಿ.’

ಅದಕ್ಕೆ ‘ಆಯ್ತು ಸಾರ್’ ಎಂದು ಬಂದರೆ ಫೋನ್ ಮಾಡಿ.